ಕಡೆಗೀಲಿನ ಚರಿತ್ರೆ: ಎತ್ತಿನ ಬಂಡಿಯಿಂದ ಬೈಕಿನ ಸ್ಪ್ರಾಕೆಟ್‌ವರೆಗೆ

ಚಕ್ರದ ಚರಿತ್ರೆಯನ್ನು ಬರೆದವರು ಹಲವರು. ಚಕ್ರ ಕಳಚಿ ಹೋಗದಂತೆ ಹಿಡಿದಿಟ್ಟ ಕೀಲಿನ ಚರಿತ್ರೆಯನ್ನು ಬರೆದವರು ವಿರಳ. ಎತ್ತಿನ ಬಂಡಿಯ ಅಚ್ಚಿನ ತುದಿಯಲ್ಲಿ ಒಂದು ತೂತು, ಆ ತೂತಿನಲ್ಲಿ ಬೆರಳುದ್ದದ ಒಂದು ಕಬ್ಬಿಣದ ತುಂಡು: ಅದೇ ಕಡೆಗೀಲು, ಆಡುಮಾತಿನ ಕಡಾಣಿ. ಅದು ಚಕ್ರವನ್ನು ತಿರುಗಿಸುವುದಿಲ್ಲ, ಭಾರವನ್ನು ಹೊರುವುದೂ ಇಲ್ಲ. ಚಕ್ರವು ಅಚ್ಚಿನಿಂದ ಹೊರಕ್ಕೆ ಜಾರದಂತೆ ತಡೆಯುವುದೊಂದೇ ಅದರ ಕೆಲಸ. ಆದರೆ ಅದು ಬಿದ್ದುಹೋದ ಬಂಡಿ ಎಷ್ಟು ಭದ್ರವಾದ ಮರದಿಂದ ಕಡೆದದ್ದಾದರೂ ಹತ್ತು ಮಾರು ಹೋಗಲಾರದು. ಮುದನೂರಿನ ನೇಕಾರ ಜೇಡರ ದಾಸಿಮಯ್ಯ ತನ್ನ ವಚನವೊಂದರಲ್ಲಿ ಒಡಲನ್ನು ಬಂಡಿಗೂ ಶಿವಭಕ್ತರ ನುಡಿಯನ್ನು ಕಡೆಗೀಲಿಗೂ ಹೋಲಿಸಿದ್ದಾನೆ. ಮಗ್ಗದ ಎದುರು ಬಾಳು ಕಳೆದವನಿಗೆ ಸಣ್ಣ ಗೂಟವೊಂದರ ಬೆಲೆ ಗೊತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಜನರ ಬಾಯಲ್ಲಿ ಉಳಿದಿರುವ ರಾಮಕಥೆಯಲ್ಲಂತೂ ಯುದ್ಧದ ನಡುವೆ ದಶರಥನ ರಥದ ಕೀಲು ಕಳಚಿದಾಗ ಕೈಕೇಯಿ ತನ್ನ ಬೆರಳನ್ನೇ ಅಲ್ಲಿಟ್ಟು ಕಾಪಾಡಿದಳು. ವರಗಳು ಹುಟ್ಟಿದ್ದು ಅಲ್ಲಿಂದ, ವನವಾಸವೂ ಅಲ್ಲಿಂದ. ಒಂದು ಕೀಲು ಭದ್ರವಾಗಿದ್ದಿದ್ದರೆ ಆ ಮಹಾಕಥೆಯ ದಾರಿಯೇ ಬೇರೆಯಾಗುತ್ತಿತ್ತು.

ಈ ಬರಹದಲ್ಲಿ ನಾವು ನೋಡಹೊರಟಿರುವುದು ಆ ಕಡೆಗೀಲಿನ ಇಂದಿನ ವಂಶಸ್ಥನನ್ನು. ಮೋಟಾರ್ ಸೈಕಲ್ಲಿನ ಎಂಜಿನ್ನಿನ ಪಕ್ಕದಲ್ಲಿ, ಒಂದು ಸಣ್ಣ ಮುಚ್ಚಳದ ಹಿಂದೆ, ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಹಲ್ಲುಚಕ್ರವೊಂದಿದೆ. ಮೆಕ್ಯಾನಿಕ್ಕುಗಳು ಅದನ್ನು ಮುಂದಿನ ಸ್ಪ್ರಾಕೆಟ್ ಎನ್ನುತ್ತಾರೆ. ಎಂಜಿನ್ನಿನ ಶಕ್ತಿಯೆಲ್ಲ ಗೇರ್‌ಪೆಟ್ಟಿಗೆಯನ್ನು ದಾಟಿ ಚೈನಿಗೆ ಇಳಿಯುವ ಬಾಗಿಲು ಅದು. ಅದನ್ನು ಬದಲಿಸುವುದೂ, ಬದಲಿಸಿದ ಮೇಲೆ ಕಳಚದಂತೆ ಭದ್ರಪಡಿಸುವುದೂ ಸಣ್ಣ ಕೆಲಸವೆಂದು ತೋರುತ್ತದೆ. ಆದರೆ ಅದರ ಹಿಂದೆ ನೂರೈವತ್ತು ವರ್ಷಗಳ ಯೋಚನೆಯಿದೆ. ಆ ಯೋಚನೆಯನ್ನು ಹಿಂಬಾಲಿಸಲು ನಾವು ಆರಿಸಿಕೊಂಡಿರುವ ನೆಲೆ ಪುಣೆ ಜಿಲ್ಲೆಯ ಬಾರಾಮತಿ.

ಬಾರಾಮತಿ ಎಂದೊಡನೆ ಸಾಹಿತ್ಯಾಸಕ್ತರಿಗೆ ನೆನಪಾಗುವವನು ಮೋರೋಪಂತ. ಪನ್ಹಾಳದಲ್ಲಿ ಹುಟ್ಟಿ, ಕರ್ಹಾ ನದಿಯ ದಡದ ಈ ಊರಿನಲ್ಲಿ ನೆಲೆಸಿ, 1794ರಲ್ಲಿ ತೀರಿಕೊಂಡ ಈ ಮರಾಠಿ ಪಂಡಿತಕವಿ ಆರ್ಯಾ ಛಂದಸ್ಸನ್ನು ಮಹಾಭಾರತದ ಉದ್ದಕ್ಕೂ ಓಡಿಸಿದವನು. ಜ್ಯೇಷ್ಠ ಮಾಸದಲ್ಲಿ ದೇಹುವಿನಿಂದ ಹೊರಡುವ ತುಕಾರಾಮರ ಪಾಲಕಿಯೂ ಎತ್ತುಗಳು ಎಳೆಯುವ ರಥದಲ್ಲಿ ಈ ಊರಿನ ಮೂಲಕವೇ ಪಂಢರಪುರದತ್ತ ಸಾಗುತ್ತದೆ. ಜ್ಞಾನೇಶ್ವರನು ಕನ್ನಡಿಗನೆಂದು ಕರೆದ ವಿಠ್ಠಲನ ಕಡೆಗೆ ಹೋಗುವ ಈ ದಾರಿಯಲ್ಲಿ ಎತ್ತಿನ ಗಾಲಿಯ ಮಾತು ಇನ್ನೂ ಹಳೆಯದಾಗಿಲ್ಲ. ಅದೇ ಊರಿನ ಕೈಗಾರಿಕಾ ಪ್ರದೇಶದಲ್ಲಿ ಇಟಲಿಯ ಪಿಯಾಜಿಯೋ ಕಂಪನಿಯ ಕಾರ್ಖಾನೆಯಿದೆ. ಮೂರು ಗಾಲಿಯ ಆಪೆ ವಾಹನಗಳು ಅಲ್ಲಿಂದ ದೇಶದ ಸಂತೆಪೇಟೆಗಳಿಗೆಲ್ಲ ಹರಡಿದವು. 2012ರಿಂದ ವೆಸ್ಪಾ ಸ್ಕೂಟರುಗಳೂ ಅಲ್ಲಿಯೇ ತಯಾರಾಗತೊಡಗಿದವು.

ಇಲ್ಲೊಂದು ಸ್ವಾರಸ್ಯವಿದೆ. ವೆಸ್ಪಾ ಎಂಬುದು ಚೈನಿನ ಮೇಲಿನ ಬೇಸರದಿಂದ ಹುಟ್ಟಿದ ವಾಹನ. 1946ರಲ್ಲಿ ಅದನ್ನು ರೂಪಿಸಿದ ಕೊರ್ರಾದಿನೋ ದಸ್ಕಾನಿಯೋ ವಿಮಾನ ಮತ್ತು ಹೆಲಿಕಾಪ್ಟರುಗಳ ಎಂಜಿನಿಯರ್. ಮೋಟಾರ್ ಸೈಕಲ್ ಅವನಿಗೆ ಹಿಡಿಸಿರಲಿಲ್ಲ. ಕಾಲ ಬದಿಯಲ್ಲಿ ಎಣ್ಣೆ ಸಿಡಿಸುತ್ತ ಬಟ್ಟೆ ಕೆಡಿಸುವ ಚೈನು, ಪಂಕ್ಚರಾದರೆ ಬಿಚ್ಚಲು ಹರಸಾಹಸ ಬೇಡುವ ಗಾಲಿ, ಇವೆರಡೂ ಅವನಿಗೆ ಅನವಶ್ಯಕ ತೊಡಕುಗಳಾಗಿ ಕಂಡವು. ಎಂಜಿನ್ನನ್ನೇ ಒಯ್ದು ಹಿಂದಿನ ಗಾಲಿಯ ಪಕ್ಕದಲ್ಲಿಟ್ಟ ಅವನು ಚೈನನ್ನೂ ಅದರ ಎರಡು ಹಲ್ಲುಚಕ್ರಗಳನ್ನೂ ಒಟ್ಟಿಗೇ ತೆಗೆದುಹಾಕಿದ. ಹೀಗೆ ಬಾರಾಮತಿಯ ಕಾರ್ಖಾನೆಯಿಂದ ಹೊರಬರುವ ಸ್ಕೂಟರಿಗೆ ಮುಂದಿನ ಸ್ಪ್ರಾಕೆಟ್ಟೇ ಇಲ್ಲ. ಆದರೆ ಕಾರ್ಖಾನೆಯ ಗೇಟು ದಾಟಿ ಊರೊಳಗೆ ಬಂದರೆ ನೋಟ ಬೇರೆ. ಹಾಲಿನ ಕ್ಯಾನುಗಳನ್ನು ಇಕ್ಕೆಲಗಳಲ್ಲಿ ತೂಗಿಕೊಂಡು, ಕಬ್ಬಿನ ಗದ್ದೆಗಳ ನಡುವಿನ ಮಣ್ಣುದಾರಿಯಿಂದ ಡಾಂಬರಿಗೆ ಹತ್ತಿ ಬರುವುದು ಬೈಕುಗಳು. ಅವು ಓಡುವುದು ಚೈನಿನ ಮೇಲೆ. ದಸ್ಕಾನಿಯೋ ಬೇಡವೆಂದದ್ದನ್ನು ರೈತ ಉಳಿಸಿಕೊಂಡದ್ದಕ್ಕೆ ಕಾರಣವಿದೆ. ಚೈನಿನ ಬೈಕಿಗೆ ದೊಡ್ಡ ಗಾಲಿ ಹಾಕಬಹುದು, ಎಂಜಿನ್ನಿನ ಭಾರವನ್ನು ನಡುವೆ ಇಡಬಹುದು, ಸವೆದ ಭಾಗವನ್ನು ಎಂಜಿನ್ ಬಿಚ್ಚದೆ ಬದಲಿಸಬಹುದು. ಸವೆಯುವುದು ಚೈನಿನ ದೋಷವೆಂಬುದು ನಿಜ; ಬದಲಿಸಲು ಬರುವುದು ಅದರ ಗುಣ.

ಚೈನಿನ ಕಲ್ಪನೆ ಹಳೆಯದು. ಲಿಯೊನಾರ್ಡೋ ಡ ವಿಂಚಿಯ ಟಿಪ್ಪಣಿ ಪುಸ್ತಕದಲ್ಲಿಯೇ ಅಂಥ ಸರಪಳಿಯ ಚಿತ್ರಗಳಿವೆ. ಆದರೆ ದಿನವಿಡೀ ಹಲ್ಲುಗಳ ಮೇಲೆ ಉರುಳಿಯೂ ಬೇಗ ಸವೆಯದ ಚೈನು ದೊರೆತದ್ದು 1880ರಲ್ಲಿ. ಸ್ವಿಟ್ಜರ್ಲೆಂಡಿನಿಂದ ಬಂದು ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಹಾನ್ಸ್ ರೆನಾಲ್ಡ್ ಆ ವರ್ಷ ಬುಷ್ ಮತ್ತು ರೋಲರುಗಳುಳ್ಳ ಚೈನಿಗೆ ಪೇಟೆಂಟ್ ಪಡೆದ. ಅದಕ್ಕೆ ಮುಂಚಿನ ಚೈನುಗಳಲ್ಲಿ ಪಿನ್ನಿನ ಎರಡು ತುದಿಗಳಷ್ಟೇ ಒತ್ತಡವನ್ನು ತಾಳಬೇಕಿತ್ತು. ರೆನಾಲ್ಡ್ ಪಿನ್ನಿನ ಮೇಲೊಂದು ಬುಷ್ ತೊಡಿಸಿ ಆ ಒತ್ತಡವನ್ನು ಪಿನ್ನಿನ ಉದ್ದಕ್ಕೂ ಹಂಚಿದ. ಬುಷ್ಷಿನ ಮೇಲೆ ತಿರುಗುವ ರೋಲರ್ ಹಲ್ಲಿಗೆ ಉಜ್ಜದೆ ಉರುಳಿತು. ಐದು ವರ್ಷಗಳ ನಂತರ, 1885ರಲ್ಲಿ, ಜಾನ್ ಕೆಂಪ್ ಸ್ಟಾರ್ಲೆಯ ರೋವರ್ ಸೈಕಲ್ ಬಂದಿತು. ಹೆಚ್ಚುಕಡಿಮೆ ಸಮನಾದ ಎರಡು ಗಾಲಿ, ನಡುವೆ ಪೆಡಲು, ಹಿಂದಿನ ಗಾಲಿಗೆ ಚೈನು: ಇಂದಿಗೂ ಸೈಕಲ್ಲಿನ ರೂಪ ಅದೇ.

ಈ ಹೊಸ ಯಂತ್ರ ನಮ್ಮ ನಾಡಿಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಆರಂಭಿಸಿದರು. ಸೈಕಲ್ ಮಾರುವುದಷ್ಟೇ ಅಲ್ಲ, ರಿಪೇರಿ ಮಾಡುವುದು, ಹತ್ತಲು ಕಲಿಸುವುದು ಕೂಡ ಆ ಅಂಗಡಿಯ ಕಸುಬಾಗಿತ್ತು. ಬಿಚ್ಚಿ ಜೋಡಿಸುವ ಆ ಅಭ್ಯಾಸದಿಂದಲೇ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಬಂದವು. 1910ರಲ್ಲಿ ಔಂಧ್ ಸಂಸ್ಥಾನದ ಅರಸರು ಕೊಟ್ಟ ಬಂಜರು ನೆಲದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಮುಂದೆ 1941ರಲ್ಲಿ ಅದೇ ಮನೆತನದ ಉದ್ಯಮ ಹರಿಹರದಲ್ಲಿ ಲೇತ್ ಯಂತ್ರಗಳನ್ನು ತಯಾರಿಸಲು ಮೈಸೂರು ಕಿರ್ಲೋಸ್ಕರ್ ಕಂಪನಿಯನ್ನು ಸ್ಥಾಪಿಸಿತು. ಕನ್ನಡ ಮರಾಠಿ ಸೀಮೆಗಳ ಯಂತ್ರವಿದ್ಯೆಯ ದೊಡ್ಡ ಮರವೊಂದರ ಬೇರು ಸೈಕಲ್ ರಿಪೇರಿಯ ಅಂಗಡಿಯಲ್ಲಿದೆ ಎಂಬುದನ್ನು ನಾವು ಮರೆಯಬಾರದು. ಹಲ್ಲುಚಕ್ರವನ್ನು ಬಿಚ್ಚಿ ನೋಡಿದ ಕೈಯೇ ಮುಂದೆ ಅದನ್ನು ಕಡೆಯುವ ಯಂತ್ರವನ್ನೂ ಕಟ್ಟಿತು.

ಸೈಕಲ್ಲಿನಲ್ಲಿ ಚೈನನ್ನು ಎಳೆಯುವುದು ಮನುಷ್ಯನ ಕಾಲು. ಮೋಟಾರ್ ಸೈಕಲ್ಲಿನಲ್ಲಿ ಎಂಜಿನ್. ಆರಂಭದ ಹಲವು ಮೋಟಾರ್ ಸೈಕಲ್ಲುಗಳು ಚರ್ಮದ ಪಟ್ಟಿಯನ್ನೇ ನಂಬಿದ್ದವು. ಪಟ್ಟಿ ಮೆತ್ತಗೆ ಎಳೆಯುತ್ತಿತ್ತು, ಆದರೆ ಮಳೆಯಲ್ಲಿ ಜಾರುತ್ತಿತ್ತು, ಏರಿನಲ್ಲಿ ಸೋಲುತ್ತಿತ್ತು. ಎಂಜಿನ್ನುಗಳು ಬಲಿತಂತೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಚೈನು ಗೆದ್ದಿತು. ಗೆದ್ದೊಡನೆ ಹಳೆಯ ಬಂಡಿಯ ಪ್ರಶ್ನೆ ಮತ್ತೆ ಎದುರಾಯಿತು. ಗೇರ್‌ಪೆಟ್ಟಿಗೆಯಿಂದ ಹೊರಚಾಚಿದ ಶಾಫ್ಟಿನ ತುದಿಯಲ್ಲಿ ಹಲ್ಲುಚಕ್ರವನ್ನು ಹಿಡಿದಿಡುವುದು ಹೇಗೆ? ಅದನ್ನು ತಿರುಗಿಸುವುದಕ್ಕೆ ಉತ್ತರ ಸುಲಭವಾಗಿ ಸಿಕ್ಕಿತು. ಶಾಫ್ಟಿನ ಮೈಮೇಲೆ ಉದ್ದುದ್ದನೆಯ ಗೀರುಗಳನ್ನು ಕಡೆದು, ಹಲ್ಲುಚಕ್ರದ ನಡುಗಣ್ಣಿನಲ್ಲಿಯೂ ಅದಕ್ಕೆ ಹೊಂದುವ ಗೀರುಗಳನ್ನು ಕಡೆದರೆ ಎರಡೂ ಒಂದನ್ನೊಂದು ಕಚ್ಚಿಕೊಂಡು ತಿರುಗುತ್ತವೆ. ಇವೇ ಸ್ಪ್ಲೈನುಗಳು. ಆದರೆ ಸ್ಪ್ಲೈನು ತಿರುಗಿಸಬಲ್ಲುದೇ ಹೊರತು ಹೊರಕ್ಕೆ ಜಾರುವುದನ್ನು ತಡೆಯಲಾರದು. ಅಲ್ಲಿಗೆ ಬೇಕಾದದ್ದು ಕಡೆಗೀಲು.

ಈ ಕೀಲು ಎಂಥ ಪರೀಕ್ಷೆಗೆ ಒಳಗಾಗುತ್ತದೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ಬೈಕೊಂದರ ಮುಂದಿನ ಸ್ಪ್ರಾಕೆಟ್ಟಿಗೆ 14, ಹಿಂದಿನದಕ್ಕೆ 42 ಹಲ್ಲುಗಳೆಂದು ಇಟ್ಟುಕೊಂಡರೆ ಹಿಂದಿನ ಗಾಲಿ ಒಂದು ಸುತ್ತು ಬರುವಾಗ ಮುಂದಿನದು ಮೂರು ಸುತ್ತು ಬರುತ್ತದೆ. ಗಾಲಿಯ ಸುತ್ತಳತೆ ಸುಮಾರು 1.9 ಮೀಟರ್ ಆದರೆ, 30 ಕಿಲೋಮೀಟರಿನ ಒಂದು ಪ್ರಯಾಣದಲ್ಲಿ ಈ ಪುಟ್ಟ ಚಕ್ರ ಸುಮಾರು 47 ಸಾವಿರ ಸುತ್ತು ತಿರುಗುತ್ತದೆ. ಪ್ರತಿ ಸುತ್ತಿನಲ್ಲೂ ಪ್ರತಿ ಹಲ್ಲೂ ಒಮ್ಮೆ ಚೈನಿನ ಎಳೆತ ತಿನ್ನುತ್ತದೆ. ಆಕ್ಸಿಲರೇಟರ್ ತಿರುವಿದಾಗ ಚೈನಿನ ಮೇಲಿನ ಎಳೆ ಬಿಗಿಯುತ್ತದೆ, ಬಿಟ್ಟಾಗ ಕೆಳಗಿನ ಎಳೆ. ಈ ಹಿಂದುಮುಂದಿನ ಜಗ್ಗಾಟದಲ್ಲಿ ಸ್ಪ್ಲೈನುಗಳ ನಡುವಿನ ಕೂದಲೆಳೆಯ ಸಂದು ಪ್ರತಿ ಸಲವೂ ಬಡಿದುಕೊಳ್ಳುತ್ತದೆ. ಹಳೆಯ ಬೈಕಿನ ಮುಚ್ಚಳ ತೆಗೆದಾಗ ಶಾಫ್ಟಿನ ಬುಡದಲ್ಲಿ ಕಾಣುವ ಕೆಂಗಂದು ಪುಡಿ ಈ ಬಡಿತದ ಸಾಕ್ಷಿ. ಅದು ತೇದುಹೋದ ಉಕ್ಕು.

ಇದಕ್ಕೆ ಶಿಲ್ಪಿಗಳು ಕಂಡುಕೊಂಡ ಉತ್ತರಗಳು ಮುಖ್ಯವಾಗಿ ಮೂರು. ಮೊದಲನೆಯದು ದೊಡ್ಡ ನಟ್ಟು ಮತ್ತು ಮಡಿಸುವ ವಾಷರು. ಸ್ಪ್ರಾಕೆಟ್ಟಿನ ಮೇಲೆ ತೆಳು ತಗಡಿನ ವಾಷರ್ ಇಟ್ಟು, ನಟ್ಟನ್ನು ಬಿಗಿದು, ವಾಷರಿನ ಅಂಚನ್ನು ನಟ್ಟಿನ ಚಪ್ಪಟೆ ಮುಖಕ್ಕೆ ಒತ್ತಿ ಮಡಿಸಿಬಿಡುವುದು. ನಟ್ಟು ಸಡಿಲವಾಗಲು ತಿರುಗಬೇಕು, ತಿರುಗಲು ಮಡಿಸಿದ ಅಂಚು ಬಿಡುವುದಿಲ್ಲ. ಎರಡನೆಯದು ನಟ್ಟೇ ಇಲ್ಲದ ಉಪಾಯ. ಶಾಫ್ಟಿನ ಸ್ಪ್ಲೈನುಗಳ ನಡುವೆ ಅಡ್ಡಲಾಗಿ ಒಂದು ಕಾಲುವೆ ಕಡೆದಿರುತ್ತದೆ. ಹಲ್ಲುಳ್ಳ ಲಾಕ್ ಪ್ಲೇಟೊಂದನ್ನು ಸ್ಪ್ಲೈನಿನಗುಂಟ ಒಳಕ್ಕೆ ಜಾರಿಸಿ, ಕಾಲುವೆಗೆ ಬಂದೊಡನೆ ತುಸು ತಿರುಗಿಸಿದರೆ ಅದರ ಹಲ್ಲುಗಳು ಸ್ಪ್ಲೈನುಗಳ ಹಿಂದೆ ಸಿಕ್ಕಿಕೊಳ್ಳುತ್ತವೆ. ಅನಂತರ ಎರಡು ಸಣ್ಣ ಬೋಲ್ಟುಗಳಿಂದ ಅದನ್ನು ಸ್ಪ್ರಾಕೆಟ್ಟಿಗೇ ಕಟ್ಟಿಬಿಡುವುದು. ಚಿಲಕ ಹಾಕಿ ಕೊಂಡಿ ಸೇರಿಸಿದಂತೆ. ಮೂರನೆಯದು ಶಾಫ್ಟಿನ ತುದಿಗೆ ಒಂದೇ ಬೋಲ್ಟು ಹಾಕಿ, ಎಳೆಗಳಿಗೆ ಲಾಕ್ ದ್ರವ ಹಚ್ಚುವುದು. ಇಂಥ ದ್ರವದ ಹಿಂದೆಯೂ ಒಂದು ಚರಿತ್ರೆಯಿದೆ. ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ರಸಾಯನಶಾಸ್ತ್ರ ಪ್ರಾಧ್ಯಾಪಕರಾಗಿದ್ದ ವರ್ನನ್ ಕ್ರೀಬಲ್ 1953ರಲ್ಲಿ, ಗಾಳಿ ತಾಗುವವರೆಗೆ ದ್ರವವಾಗಿದ್ದು ಲೋಹದ ಸಂದಿನಲ್ಲಿ ಗಾಳಿ ಸಿಗದಾದಾಗ ಗಟ್ಟಿಯಾಗುವ ಅಂಟನ್ನು ರೂಪಿಸಿದರು. ಲಾಕ್‌ಟೈಟ್ ಎಂಬ ಹೆಸರು ಬಂದದ್ದು ಆಮೇಲೆ.

ಬಿಗಿಯಾಗಿ ತಿರುಪಿದ ನಟ್ಟು ತಾನಾಗಿ ಏಕೆ ಬಿಚ್ಚಿಕೊಳ್ಳುತ್ತದೆ ಎಂಬುದು ಬಹುಕಾಲ ಒಗಟಾಗಿತ್ತು. 1969ರಲ್ಲಿ ಜರ್ಮನಿಯ ಗೆರ್ಹಾರ್ಡ್ ಯುಂಕರ್ ಪ್ರಯೋಗಗಳಿಂದ ತೋರಿಸಿದ್ದೇನೆಂದರೆ, ನಟ್ಟಿನ ದೊಡ್ಡ ಶತ್ರು ಮೇಲಿನಿಂದ ಎಳೆಯುವ ಭಾರವಲ್ಲ, ಅಡ್ಡಕ್ಕೆ ಅಲುಗಿಸುವ ಕಂಪನ. ಜೋಡಿಸಿದ ಭಾಗಗಳು ಅಡ್ಡಕ್ಕೆ ಜಾರಿದಾಗಲೆಲ್ಲ ಎಳೆಗಳ ನಡುವಿನ ಹಿಡಿತ ಒಂದು ಕ್ಷಣ ತಪ್ಪುತ್ತದೆ, ಆ ಕ್ಷಣದಲ್ಲಿ ನಟ್ಟು ಒಂದು ಎಳ್ಳಿನಷ್ಟು ಹಿಂದಕ್ಕೆ ತಿರುಗುತ್ತದೆ. ಎಳ್ಳು ಎಳ್ಳೇ ಕೂಡಿ ನಟ್ಟು ನೆಲಕ್ಕೆ ಬೀಳುತ್ತದೆ. ಹೀಗೆ ನೋಡಿದರೆ ಮಡಿಸಿದ ವಾಷರು ಬಿಗಿತವನ್ನು ಉಳಿಸುವುದಿಲ್ಲ, ನಟ್ಟು ಪೂರ್ತಿ ಕಳಚುವುದನ್ನಷ್ಟೇ ತಡೆಯುತ್ತದೆ. ಬಿಗಿತ ಮೊದಲು ಸರಿಯಾಗಿದ್ದರೆ ಮಾತ್ರ ಬೀಗಕ್ಕೆ ಅರ್ಥ.

ಈ ಉಪಾಯಗಳೆಲ್ಲ ನಮ್ಮ ರಸ್ತೆಗಳಿಗೆ ಬಂದ ಬಗೆಯೂ ಗಮನಿಸತಕ್ಕದ್ದು. ಮದರಾಸಿನಲ್ಲಿ 1955ರಿಂದ ಜೋಡಣೆಯಾಗತೊಡಗಿದ ರಾಯಲ್ ಎನ್‌ಫೀಲ್ಡ್ ಬುಲೆಟ್ಟಿನಲ್ಲಿ ಈ ಹಲ್ಲುಚಕ್ರ ಕ್ಲಚ್ಚಿನ ಹಿಂದೆ ಅಡಗಿ ಕೂತಿತ್ತು. ಅದನ್ನು ಮುಟ್ಟಬೇಕಾದರೆ ಪ್ರೈಮರಿ ಕವಚ, ಅದರೊಳಗಿನ ಚೈನು, ಕ್ಲಚ್ಚು ಎಲ್ಲವನ್ನೂ ಬಿಚ್ಚಬೇಕಿತ್ತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು 1961ರಿಂದ ತಯಾರಿಸಿತು. ಅದರ ಚೈನು ತಗಡಿನ ಕವಚದೊಳಗೆ ಪೂರ್ತಿ ಮುಚ್ಚಿಕೊಂಡಿರುತ್ತಿತ್ತು. ಧೂಳೂ ಕೆಸರೂ ತಾಗದ ಆ ಚೈನು ಬಹುಕಾಲ ಬಾಳುತ್ತಿತ್ತು. ದಸ್ಕಾನಿಯೋ ಚೈನನ್ನು ಕಿತ್ತೆಸೆದು ಬಿಡಿಸಿದ ತೊಡಕನ್ನು ಜೆಕ್ ಶಿಲ್ಪಿಗಳು ಚೈನಿಗೆ ಅಂಗಿ ತೊಡಿಸಿ ಬಿಡಿಸಿದ್ದರು. 1973ರ ಸುಮಾರಿಗೆ ಯೆಜ್ಡಿ ಎಂದು ಹೆಸರು ಬದಲಿಸಿಕೊಂಡ ಆ ಬೈಕುಗಳ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಷ್ಟರಲ್ಲಿ ಹೀರೋ ಹೋಂಡಾ ಬಂದಿತ್ತು. 1985ರ ಸಿಡಿ 100, 1994ರ ಸ್ಪ್ಲೆಂಡರ್ ಮೊದಲಾದ ಹಗುರ ಬೈಕುಗಳೊಂದಿಗೆ ಲಾಕ್ ಪ್ಲೇಟು ಮತ್ತು ಎರಡು ಬೋಲ್ಟಿನ ಉಪಾಯ ಹಳ್ಳಿಹಳ್ಳಿಗೆ ತಲುಪಿತು. ಬುಲೆಟ್ಟಿಗೆ ದಿನವಿಡೀ ಬೇಡುತ್ತಿದ್ದ ಕೆಲಸವನ್ನು ಇಲ್ಲಿ ಹತ್ತನೇ ನಂಬರಿನ ಪಾನಾ ಹಿಡಿದವನು ಚಹಾ ಕುಡಿಯುವಷ್ಟರಲ್ಲಿ ಮಾಡಿ ಮುಗಿಸಬಲ್ಲ.

ಹಾಗೆಂದು ಅವಸರಕ್ಕೆ ಇಲ್ಲಿ ಎಡೆಯಿಲ್ಲ. ಕೆಲಸದ ಕ್ರಮದಲ್ಲಿ ಅನುಭವಿಗಳ ವಿವೇಕ ಅಡಗಿದೆ. ಹಲ್ಲುಗಳು ಒಂದು ಬದಿಗೆ ಕೊಕ್ಕೆಯಂತೆ ಬಾಗಿದ್ದರೆ ಸ್ಪ್ರಾಕೆಟ್ಟಿನ ಆಯುಷ್ಯ ಮುಗಿದಂತೆ. ಆಗ ಚೈನು ಮತ್ತು ಎರಡು ಸ್ಪ್ರಾಕೆಟ್ಟುಗಳನ್ನು ಒಟ್ಟಿಗೆ ಬದಲಿಸಬೇಕು. ಹಿಗ್ಗಿದ ಹಳೆಯ ಚೈನು ಹೊಸ ಹಲ್ಲನ್ನು ಬೇಗನೆ ತಿಂದುಬಿಡುತ್ತದೆ. ನಟ್ಟನ್ನು ಸಡಿಲಿಸುವುದು ಚೈನು ತೆಗೆಯುವ ಮೊದಲು, ಹಿಂದಿನ ಬ್ರೇಕನ್ನು ಒಬ್ಬರು ಒತ್ತಿ ಹಿಡಿದಿರುವಾಗ. ಚೈನು ತೆಗೆದ ಮೇಲೆ ಶಾಫ್ಟನ್ನು ಹಿಡಿದು ನಿಲ್ಲಿಸುವವರೇ ಇರುವುದಿಲ್ಲ. ಮಡಿಸಿದ ವಾಷರನ್ನು ಮೊದಲು ಚಾಣದಿಂದ ಮೆಲ್ಲಗೆ ನೆಟ್ಟಗೆ ಮಾಡಬೇಕು. ಸ್ಪ್ರಾಕೆಟ್ಟಿನ ಯಾವ ಮುಖ ಹೊರಗಿತ್ತೆಂದು ನೋಡಿಟ್ಟುಕೊಳ್ಳಬೇಕು, ಏಕೆಂದರೆ ತಿರುಗಾಮುರುಗಾ ಹಾಕಿದರೆ ಎಷ್ಟೋ ಬೈಕುಗಳಲ್ಲಿ ಚೈನಿನ ನೇರ ತಪ್ಪುತ್ತದೆ. ಸ್ಪ್ಲೈನುಗಳ ನಡುವಿನ ಕೊಳೆ ತೆಗೆದು, ಹಿಂದಿನ ಆಯಿಲ್ ಸೀಲು ಒಸರುತ್ತಿದೆಯೇ ಎಂದು ನೋಡಬೇಕು. ಹೊಸ ಸ್ಪ್ರಾಕೆಟ್ಟಿಗೆ ಹೊಸ ವಾಷರೇ ಆಗಬೇಕು: ಒಮ್ಮೆ ಮಡಿಸಿ ಬಿಡಿಸಿದ ತಗಡು ಎರಡನೆಯ ಸಲ ಅದೇ ಗೆರೆಯಲ್ಲಿ ಮುರಿಯುತ್ತದೆ. ನಟ್ಟನ್ನು ಕಂಪನಿ ಹೇಳಿದ ಅಳತೆಗೆ ಬಿಗಿದು, ಆಮೇಲೆ ಅಂಚನ್ನು ಅದರ ಚಪ್ಪಟೆ ಮುಖಕ್ಕೆ ಒತ್ತಿ ಮಡಿಸಬೇಕು. ಮೂಲೆಗೆ ಮಡಿಸಿದರೆ ಪ್ರಯೋಜನವಿಲ್ಲ.

ಲಾಕ್ ಪ್ಲೇಟಿನ ಬೈಕಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎಲ್ಲ ಜೋಡಿಸಿದ ಮೇಲೂ ಸ್ಪ್ರಾಕೆಟ್ ಅತ್ತಿತ್ತ ತುಸು ಅಲುಗುತ್ತದೆ. ಹೊಸಬರು ಇದನ್ನು ಸಡಿಲವೆಂದು ತಿಳಿದು ಬೋಲ್ಟನ್ನು ಇನ್ನಷ್ಟು ತಿರುಪುತ್ತಾರೆ. 6 ಮಿಲಿಮೀಟರಿನ ಆ ಬೋಲ್ಟಿನ ಎಳೆ ಕಿತ್ತುಹೋಗುತ್ತದೆ. ಆ ಅಲುಗಾಟ ದೋಷವಲ್ಲ. ಚೈನು ತನ್ನ ನೇರವನ್ನು ತಾನೇ ಹುಡುಕಿಕೊಳ್ಳಲೆಂದು ಬಿಟ್ಟ ಅವಕಾಶ. ಎತ್ತಿನ ಬಂಡಿಯ ಗಾಲಿಯೂ ಕಡೆಗೀಲಿಗೂ ಅಚ್ಚಿನ ಬುಡಕ್ಕೂ ನಡುವೆ ತುಸು ಆಡುತ್ತದಲ್ಲವೆ? ಹಿಡಿದಿಡುವುದೆಂದರೆ ಹಿಸುಕುವುದಲ್ಲ ಎಂಬುದನ್ನು ನಮ್ಮ ಬಡಗಿಗಳು ಎಂದೋ ಬಲ್ಲರು.

ಇಷ್ಟೆಲ್ಲ ಏಕೆ ಮುಖ್ಯವೆಂದರೆ, ಈ ಕೀಲು ತಪ್ಪಿದಾಗ ತೆರಬೇಕಾದ ಬೆಲೆ ದೊಡ್ಡದು. ಸ್ಪ್ರಾಕೆಟ್ ಜಾರಿದರೆ ಹೆದ್ದಾರಿಯ ನಡುವೆ, ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರು ಬರುತ್ತಿರುವಾಗ, ಬೈಕು ಇದ್ದಕ್ಕಿದ್ದಂತೆ ಎಳೆತ ಕಳೆದುಕೊಳ್ಳುತ್ತದೆ. ಚೈನು ಮುಂದಿನ ಚಕ್ರದ ಬಳಿ ಗುಂಪಾಗಿ ಸಿಕ್ಕಿಕೊಂಡರೆ ಎಂಜಿನ್ನಿನ ಅಲ್ಯೂಮಿನಿಯಂ ಗೋಡೆಯೇ ಬಿರಿಯಬಹುದು, ಹಿಂದಿನ ಗಾಲಿ ಕಚ್ಚಿ ಸವಾರನನ್ನು ಕೆಡವಬಹುದು. ಸ್ಪ್ಲೈನು ಸವೆದರೆ ಬದಲಿಸಬೇಕಾದದ್ದು ಶಾಫ್ಟನ್ನು. ಅದಕ್ಕೆ ಎಂಜಿನ್ನನ್ನು ಇಳಿಸಿ ಎರಡು ಹೋಳು ಮಾಡಬೇಕು. ಆ ಖರ್ಚಿಗೆ ಅಂಜಿ ಸ್ಪ್ರಾಕೆಟ್ಟನ್ನು ಶಾಫ್ಟಿಗೆ ವೆಲ್ಡಿಂಗ್ ಮಾಡಿಸಿಬಿಡುವ ಪದ್ಧತಿಯೂ ಉಂಟು. ಅದು ಕೆಲವು ತಿಂಗಳು ಓಡುತ್ತದೆ. ಆದರೆ ಆ ಬಿಸಿಗೆ ಒಳಗಿನ ಸೀಲು ಸುಡುತ್ತದೆ, ಉಕ್ಕಿನ ಹದ ಕೆಡುತ್ತದೆ, ಮುಂದಿನ ಸಲ ಬಿಚ್ಚುವ ದಾರಿಯೇ ಮುಚ್ಚಿಹೋಗುತ್ತದೆ. ಕೀಲಿನ ಮರ್ಮವಿರುವುದು ಹಿಡಿಯುವುದರಲ್ಲಿ ಮಾತ್ರವಲ್ಲ, ಬೇಕೆಂದಾಗ ಬಿಡುವುದರಲ್ಲಿಯೂ. ಎಂದೂ ಬಿಚ್ಚಲಾಗದ ಜೋಡಣೆಯನ್ನು ಭದ್ರವೆನ್ನಲಾಗದು. ಅದು ಮುಂದೂಡಿದ ಮುರಿತವಷ್ಟೇ. ಹಾಲು ಹಾಕಿ ದಿನ ತೆಗೆಯುವ ಮನೆಗೆ ಬೈಕು ನಿಂತರೆ ಆದಾಯವೇ ನಿಲ್ಲುತ್ತದೆ. ಅವರಿಗೆ ಒಂದು ಹೊಸ ವಾಷರಿನ ಬೆಲೆಯನ್ನು ತಿಳಿಸಿ ಹೇಳುವ ಮೆಕ್ಯಾನಿಕ್ ವೈದ್ಯನಿಗೆ ಸಮ.

ಈ ವಿದ್ಯೆ ಹೆಚ್ಚಾಗಿ ಪುಸ್ತಕಗಳಿಂದ ಹರಡಿದ್ದಲ್ಲ. ಅದು ನಡೆದು ಬಂದದ್ದು ಗ್ಯಾರೇಜಿನ ನೆಲದ ಮೇಲೆ, ಉಸ್ತಾದನಿಂದ ಹುಡುಗನಿಗೆ. ಪಾನಾ ಎಂಬ ಮಾತು ಬಾರಾಮತಿಯಲ್ಲೂ ಬೆಳಗಾವಿ ವಿಜಯಪುರಗಳಲ್ಲೂ ಒಂದೇ ಅರ್ಥಕ್ಕೆ ಒದಗುತ್ತದೆ. ನಟ್ಟು, ಬೋಲ್ಟು, ವಾಷರು ಯಾವ ಗಡಿಯಲ್ಲೂ ಅನುವಾದ ಕೇಳುವುದಿಲ್ಲ. ಭಾಷೆಗಳ ಗಡಿಜಗಳಗಳು ನಡೆಯುತ್ತಿದ್ದ ದಶಕಗಳಲ್ಲಿಯೂ ಉಪಕರಣಗಳ ಈ ನುಡಿ ಯಾರ ಅಪ್ಪಣೆಯನ್ನೂ ಕೇಳದೆ ಎರಡೂ ಕಡೆ ಓಡಾಡಿತು. ಅದನ್ನು ನಮ್ಮ ಸಾಂಸ್ಕೃತಿಕ ಚರಿತ್ರೆಯ ಹೊರಗಿಡುವುದು ನ್ಯಾಯವಲ್ಲವೆಂದು ನಮ್ಮ ಭಾವನೆ.

ವಿದ್ಯುತ್ ಸ್ಕೂಟರುಗಳ ಕಾಲ ಬಂದಿದೆ. ಮೋಟರು ಗಾಲಿಯ ಗುಂಬದೊಳಗೇ ಕೂತ ವಾಹನಗಳಲ್ಲಿ ಚೈನೂ ಇಲ್ಲ, ಸ್ಪ್ರಾಕೆಟ್ಟೂ ಇಲ್ಲ. ದಸ್ಕಾನಿಯೋ 1946ರಲ್ಲಿ ಕಂಡ ಕನಸು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಆದರೂ ಆ ಗಾಲಿಯನ್ನು ಅಚ್ಚಿನ ಮೇಲೆ ನಿಲ್ಲಿಸಿರುವುದು ಒಂದು ನಟ್ಟೇ, ಅದರಡಿಯಲ್ಲಿ ಇರುವುದು ಒಂದು ವಾಷರೇ. ಎಳೆಯುವ ಶಕ್ತಿ ಎತ್ತಿನಿಂದ ಪೆಟ್ರೋಲಿಗೆ, ಪೆಟ್ರೋಲಿನಿಂದ ವಿದ್ಯುತ್ತಿಗೆ ಬದಲಾದರೂ ಹಿಡಿದಿಡುವವನ ಕೆಲಸ ಬದಲಾಗಲಿಲ್ಲ. ದಾಸಿಮಯ್ಯನ ಕಾಲದ ಬಡಗಿ ಅಚ್ಚಿಗೆ ತೂತು ಕೊರೆದು ಕೀಲು ತೂರಿಸಿದ, ಇಂದಿನ ಹುಡುಗ ನಟ್ಟಿನ ಮುಖಕ್ಕೆ ವಾಷರಿನ ಅಂಚನ್ನು ಮಡಿಸುತ್ತಾನೆ. ಬಂಡಿ ಹೊರಡುವ ಮುನ್ನ ಇಬ್ಬರೂ ಒಮ್ಮೆ ಗಾಲಿಯನ್ನು ಅಲುಗಿಸಿ ನೋಡುತ್ತಾರೆ.